ಉಲ್ಟಾ ಸುತ್ತಿದ ತಂತಿ

ಬೈಲಹೊಂಗಲ
೧೨ ಜೂನ್ ೨೦೨೪

ಪೂನಮ್,

ನಿನ್ನವ್ವ ಬೈಲಹೊಂಗಲ ಮುಟ್ಟಿದ್ದಾಳೆ, ಬದುಕಿದ್ದಾಳೆ, ನೀನು ಕಳಿಸಿದ ರೊಟ್ಟಿಯನ್ನೂ ತಿಂದಿದ್ದಾಳೆ. ರೊಟ್ಟಿ ದಪ್ಪ ಆಗಿತ್ತು. ಆಶೀರ್ವಾದ ಇದ್ದೇ ಇದೆ, ಮೊದಲು ರೊಟ್ಟಿಯ ಮಾತು ಹೇಳಿಬಿಟ್ಟೆ.

ಫೋನ್ ಬೇಡ ಅಂದದ್ದಕ್ಕೆ ನಿನಗೆ ಸಿಟ್ಟು ಬಂದಿರಬೇಕು. ಅದರಲ್ಲಿ ಗುಟ್ಟೇನೂ ಇಲ್ಲ. ನಿನ್ನ ದನಿ ಕೇಳಿದರೆ ನಾನು ಮರುದಿನವೇ ಹೂಲಿಗೆ ಬರುವ ಬಸ್ಸು ಹತ್ತಿಬಿಡುತ್ತೇನೆ. ಕಾಗದವಾದರೆ ಕಣ್ಣು ಒರೆಸಿಕೊಂಡು ಬರೆಯಬಹುದು, ನಿನಗೆ ಕಾಣುವುದಿಲ್ಲ. ಬೆಳಿಗ್ಗೆ ಕಂಡಕ್ಟರ್ ಪರಶು ಬುತ್ತಿ ತರುತ್ತಾನೆ, ಸಂಜೆ ಅದೇ ಬಸ್ಸಿಗೆ ಖಾಲಿ ಡಬ್ಬಿ ವಾಪಸ್ ಕಳಿಸುತ್ತೇನೆ. ಹೋಗುವಾಗ ಒಂದು ಕಾಗದ, ಬರುವಾಗ ಒಂದು ಕಾಗದ. ಟಿಕೆಟ್ಟೂ ಇಲ್ಲ, ಸ್ಟಾಂಪೂ ಇಲ್ಲ.

ಊರಿಂದ ಬುತ್ತಿ ಬರುವ ಕಾಲೇಜು ಮಕ್ಕಳು ಬಸ್ ಸ್ಟ್ಯಾಂಡಿನಲ್ಲಿ ಕಾಯುತ್ತ ನಿಂತಿರುತ್ತಾರಲ್ಲ, ಅವರ ನಡುವೆ ಈಗ ನಾನೂ ನಿಲ್ಲುತ್ತೇನೆ. ಇವತ್ತು ಒಬ್ಬ ಹುಡುಗಿ, "ಯಾರ ಬುತ್ತಿ ಒಯ್ಯಾಕ ಬಂದೀರಿ ಮಾಂಶಿ?" ಅಂತ ಕೇಳಿದಳು. "ನಂದಽ ಐತೆವಾ" ಅಂದೆ. ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

ನಾನು ಕೆಲಸ ಕಲಿಯುವ ಕಾಂತೇಶ ಅವರ ಮೋಟಾರ್ ವೈಂಡಿಂಗ್ ಅಂಗಡಿ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿದೆ. ಎಂಟಕ್ಕೆ ತೆರೆದರೆ ಮುಚ್ಚುವುದು ಏಳಕ್ಕೆ. ನಮ್ಮೂರಿನ ಬಸ್ಸು ಬರುವುದು ಎಂಟರ ಮೇಲೆ, ಹೋಗುವುದು ಏಳರ ಒಳಗೆ. ಅದಕ್ಕೇ ಟೇಲರಿಂಗ್ ಮಾಡುವ ರೇಣು ಎಂಬವಳ ಜೊತೆ ರೂಮು ಹಿಡಿದಿದ್ದೇನೆ.

ನಿಮ್ಮಪ್ಪ ನಾನು ಹೊರಡುವಾಗ ಮುಖ ತಿರುಗಿಸಿ ಕುಳಿತದ್ದನ್ನು ನೀನೂ ನೋಡಿದೆ. ಇಪ್ಪತ್ತು ವರ್ಷ ಅವರ ಪಂಪ್ ರಿಪೇರಿ ಅಂಗಡಿಯಲ್ಲಿ ನಟ್ಟು ಬಿಚ್ಚುವ ಪಾನಾ ಎತ್ತಿಕೊಟ್ಟವಳು ನಾನು. ಮೋಟಾರು ಸುಟ್ಟಿತು ಅಂದರೆ ಸಾಕು, ಒಳಗಿನ ತಂತಿ ಹೊಸದಾಗಿ ಸುತ್ತುವ ವೈಂಡಿಂಗಿಗೆ ಇಲ್ಲಿಗೆ ಕಳಿಸಬೇಕು, ಎಂಟು ದಿನ ಕಾಯಬೇಕು, ಅಷ್ಟರಲ್ಲಿ ಹೊಲ ಬಾಡುತ್ತದೆ. ಆ ಕೆಲಸ ನಮ್ಮ ಅಂಗಡಿಯಲ್ಲೇ ಆಗಬೇಕು, ಅದನ್ನು ನಾನೇ ಮಾಡಬೇಕು ಅಂತ ಎಷ್ಟೋ ವರ್ಷದಿಂದ ನನ್ನ ಮನಸ್ಸಿನಲ್ಲಿತ್ತು. ಬಾಯಿಬಿಟ್ಟು ಹೇಳಿದ ದಿನ ಅವರು ಅಂದದ್ದು ಇಷ್ಟೇ: "ಹೆಂಗಸು ಕಟ್ಟಿದ ಮೋಟಾರ್ ಯಾರು ಒಯ್ತಾರ? ಹೋಗೂದಿದ್ರ ಹೋಗು. ಕಲತ ಬಾ. ನಡುವ ಬರಬ್ಯಾಡ."

ಅವರೂ ಹುಡುಗರಿದ್ದಾಗ ರಾಮದುರ್ಗಕ್ಕೆ ಇದನ್ನೇ ಕಲಿಯಲು ಹೋಗಿದ್ದರು, ಮಾಲೀಕ ಸರಿ ಇರಲಿಲ್ಲ ಅಂತ ಬಿಟ್ಟು ಬಂದರು. ಅಂದಿನಿಂದ ವೈಂಡಿಂಗ್ ಅಂದರೆ ಅವರಿಗೆ ಆಗಿಬರುವುದಿಲ್ಲ. ಇರಲಿ. ಆರು ತಿಂಗಳು ಅಂತ ಮಾತಾಗಿದೆ. ನಡುವೆ ಬರಬೇಡ ಅಂದರಲ್ಲ, ನಾನೂ ಬರುವುದಿಲ್ಲ.

ನಿನ್ನವ್ವ
ರಾಯವ್ವ


ಹೂಲಿ
೨೧ ಜೂನ್ ೨೦೨೪

ಅವ್ವಾ,

ರೊಟ್ಟಿ ದಪ್ಪ ಅಂದೆಯಲ್ಲ, ತೆಳ್ಳಗೆ ಬಡಿಯಲು ಹೋಗಿ ಮೂರು ಹರಿದವು. ಹರಿದದ್ದನ್ನೆಲ್ಲ ಅಪ್ಪನ ತಾಟಿಗೆ ಹಾಕಿದೆ. ಮಾತಿಲ್ಲದೆ ತಿಂದ. ಮನೆಯಲ್ಲಿ ಈಗ ಎಲ್ಲವೂ ಮಾತಿಲ್ಲದೆಯೇ ನಡೆಯುತ್ತದೆ.

ನಿನ್ನ ಹೆಸರು ಎತ್ತುವುದೇ ಇಲ್ಲ. ನಿನ್ನೆ ಪಾನಾ ಕೊಡಲು ನನ್ನನ್ನು ಅಂಗಡಿಗೆ ಕರೆದ. ಹದಿನಾಲ್ಕು ನಂಬರ್ ಕೇಳಿದರೆ ನಾನು ಹದಿನೇಳು ಕೊಟ್ಟೆ. "ನಿಮ್ಮವ್ವ ಕೇಳೂಕಿಂತ ಮೊದಲ ಕೊಡತಿದ್ಲು" ಅಂದ. ಅಂದವನೇ ತನ್ನ ಮೇಲೆ ತಾನೇ ಸಿಟ್ಟಾಗಿ ಹೊರಗೆ ಹೋಗಿ ನಿಂತ. ನನಗೆ ನಗು ಬಂತು, ಆಮೇಲೆ ಪಾಪ ಅನಿಸಿತು.

ನೀನು ಕೇಳುವ ಮೊದಲೇ ನನ್ನ ವಿಷಯ ಹೇಳಿಬಿಡುತ್ತೇನೆ. ಬಿ.ಎ. ಇಂಗ್ಲಿಷ್ ಪೇಪರಿಗೆ ಈ ಸಲವೂ ಫಾರ್ಮ್ ತುಂಬುವುದಿಲ್ಲ. ಎರಡು ಸಲ ಫೇಲಾದವಳು ಮೂರನೇ ಸಲ ಹೋದರೆ ಪರೀಕ್ಷೆ ಹಾಲಿನಲ್ಲಿ ನೀರು ಕೊಡುವವರಿಗೂ ನನ್ನ ಗುರುತಾಗುತ್ತದೆ. ದಿನಾ ನಾಳೆ ಓದೋಣ ಅಂತ ಪುಸ್ತಕ ತೆಗೆಯುತ್ತೇನೆ, ಅದರ ಮೇಲೆ ಫೋನ್ ಇಟ್ಟುಕೊಂಡು ಫೋನ್ ನೋಡುತ್ತೇನೆ. ಸುಳ್ಳು ಹೇಳಿ ಏನು ಮಾಡಲಿ?

ನಿನ್ನ ಕೈ ಹೇಗಿದೆ? ತಂತಿ ಚುಚ್ಚುತ್ತದಂತೆ ಹೌದೇ?

ನಿನ್ನ
ಪೂನಮ್


ಬೈಲಹೊಂಗಲ
೧೪ ಜುಲೈ ೨೦೨೪

ಪೂನಮ್,

ಚುಚ್ಚುತ್ತದೆ. ಹತ್ತು ಬೆರಳಿನಲ್ಲಿ ಏಳಕ್ಕೆ ಪಟ್ಟಿ ಸುತ್ತಿದ್ದೇನೆ. ಉಳಿದ ಮೂರರಲ್ಲಿ ಪೆನ್ನು ಹಿಡಿದಿದ್ದೇನೆ.

ಮೊದಲ ದಿನವೇ ಕಾಂತೇಶ ಅವರು ಹೇಳಿದ್ದರು: "ಅಕ್ಕಾರ, ಒಂದು ತಿಂಗಳು ಬರೇ ಬಿಚ್ಚರಿ. ಕಟ್ಟೂದು ಆಮ್ಯಾಲ." ಅದೇ ಮಾಡಿದೆ. ಸುಟ್ಟ ತಂತಿಯನ್ನು ಉಳಿಯಿಂದ ಕಡಿದು, ಒಂದೊಂದೇ ಸಂದಿಯಿಂದ ಎಳೆದು ತೆಗೆಯುವುದು. ಸುಟ್ಟ ವಾರ್ನಿಶ್ ವಾಸನೆ ಸೀರೆಗೆ, ಕೂದಲಿಗೆ ಹತ್ತಿದೆ. ರೇಣು ನನಗೆ ಬಾಗಿಲ ಹತ್ತಿರವೇ ಹಾಸಿಗೆ ಹಾಕಿಕೊಡುತ್ತಾಳೆ.

ಈ ವಾರ ತಂತಿ ಸುತ್ತಲು ಕೊಟ್ಟರು. ಒಂದು ಕಾಯಿಲಿಗೆ, ಅಂದರೆ ತಂತಿಯ ಸುರುಳಿಗೆ, ಇಷ್ಟು ಸುತ್ತು ಅಂತ ಲೆಕ್ಕ ಇರುತ್ತದೆ, ಒಂದು ಹೆಚ್ಚೂ ಆಗಬಾರದು, ಕಡಿಮೆಯೂ ಆಗಬಾರದು. ಅಂಗಡಿಯ ಉಳಿದ ಹುಡುಗರು ನಡುವೆ ಮಾತಾಡಿ ಮರೆತು ಮತ್ತೆ ಮೊದಲಿನಿಂದ ಸುತ್ತುತ್ತಾರೆ. ನಾನು ತಪ್ಪಲಿಲ್ಲ. ನಿನಗೆ ಗೊತ್ತಲ್ಲ, ತವರು ದೇಗಾಂವದಲ್ಲಿ ನಮ್ಮವ್ವ ನನ್ನನ್ನು ಕಮಲನಾರಾಯಣ ಗುಡಿಯ ಕಟ್ಟೆಯ ಮೇಲೆ ಕೂಡ್ರಿಸಿ ಕಸೂತಿ ಕಲಿಸಿದವಳು. ಬಟ್ಟೆಯ ಎಳೆ ಎಣಿಸಿ ಎಣಿಸಿ ಸೂಜಿ ಹಾಕಬೇಕು. ಹೋದ ದಾರಿಯಲ್ಲೇ ತಿರುಗಿ ಬರಬೇಕು, ಗಂಟು ಕಾಣಬಾರದು, ಹಿಂದೆ ಮುಂದೆ ಒಂದೇ ಹಾಗೆ ಇರಬೇಕು. ಆ ಕೈ ಇದು. ಕಾಂತೇಶ ಅವರು ನನ್ನ ಕಾಯಿಲನ್ನು ಎಲ್ಲರಿಗೂ ತೋರಿಸಿ, "ನೋಡ್ರಿಲೇ, ಹಿಂಗ ಸುತ್ತಬೇಕು" ಅಂದರು. ನನಗೆ ಇಷ್ಟು ಹಿಗ್ಗು ಆಗಿ ಎಷ್ಟು ವರ್ಷ ಆಗಿತ್ತೋ.

ನೀನು ಮೂರನೇ ಸಲ ಹೋದರೆ ಗುರುತು ಸಿಗುತ್ತದೆ ಅಂತ ಬರೆದಿದ್ದೀ. ಸಿಗಲಿ ಬಿಡು. ನೀರು ಕೊಡುವವರು ತಣ್ಣನೆಯದು ಕೊಡುತ್ತಾರೆ.

ನಿನ್ನವ್ವ
ರಾಯವ್ವ


ಹೂಲಿ
೧೦ ಆಗಸ್ಟ್ ೨೦೨೪

ಅವ್ವಾ,

ನೀನಿಲ್ಲದ ಪಂಚಮಿ ಮುಗಿಯಿತು. ಡಬ್ಬಿಯಲ್ಲಿ ಶೇಂಗಾ ಉಂಡಿ, ಎಳ್ಳುಂಡಿ ಇಟ್ಟಿದ್ದೇನೆ. ಬೆಲ್ಲದ ಪಾಕ ಗಟ್ಟಿ ಆಗಿದೆ, ಹಲ್ಲು ಜೋಪಾನ.

ಒಂದು ವಿಚಿತ್ರ ಹೇಳುತ್ತೇನೆ. ನಾನು ಉಂಡಿ ತುಂಬುತ್ತಿದ್ದೆ. ಅಪ್ಪ ಬಾಗಿಲಲ್ಲಿ ನಿಂತು ನೋಡಿ, "ಆ ಅಂಗಡ್ಯಾಗ ಎಷ್ಟು ಮಂದಿ ಅದಾರ?" ಅಂತ ಕೇಳಿದ. ನಾಲ್ವರು ಅಂದೆ. "ಎಲ್ಲಾರಿಗೂ ಮುಟ್ಟೂವಷ್ಟು ಇಡು. ಒಬ್ಬಾಕಿನ ಹೆಂಗ ತಿಂತಾಳ" ಅಂದ. ಆ ಪಾನಾದ ಮಾತು ಬಿಟ್ಟರೆ, ನೀನು ಹೋಗಿ ಎರಡು ತಿಂಗಳಾದ ಮೇಲೆ ನಿನ್ನ ಬಗ್ಗೆ ಆಡಿದ ಮೊದಲ ಪೂರಾ ಮಾತು ಅದು. ಪ್ರತಿ ವರ್ಷದಂತೆ ಬೇವಿನ ಗಿಡಕ್ಕೆ ಜೋಕಾಲಿಯನ್ನೂ ಕಟ್ಟಿದ. ಕಟ್ಟಿ ಅದರ ಹಗ್ಗ ಜಗ್ಗಿ ಜಗ್ಗಿ ನೋಡುತ್ತ ಬಹಳ ಹೊತ್ತು ನಿಂತಿದ್ದ. ಆ ಜೋಕಾಲಿಯಲ್ಲಿ ಎಲ್ಲರಿಗಿಂತ ಜೋರು ಜೀಕುವವಳು ನೀನೇ ಅಲ್ಲವೇ.

ಫಾರ್ಮ್ ತುಂಬಿಲ್ಲ. ಬೈಯಬೇಡ. ನನಗೆ ಹೆದರಿಕೆ ಅವ್ವಾ, ಸೋಮಾರಿತನ ಅಂತ ಎಲ್ಲರೂ ತಿಳಿದಿದ್ದಾರೆ, ನಾನೂ ಹಾಗೇ ಹೇಳಿಕೊಂಡು ತಿರುಗುತ್ತೇನೆ, ಆದರೆ ಹೆದರಿಕೆ. ಓದದೆ ಫೇಲಾದರೆ ಓದಿರಲಿಲ್ಲ ಅನ್ನಬಹುದು. ಓದಿಯೂ ಫೇಲಾದರೆ ಏನು ಹೇಳಲಿ? ನಿನಗೆ ಹೆದರಿಕೆ ಆಗುವುದಿಲ್ಲವೇ?

ನಿನ್ನ
ಪೂನಮ್


ಬೈಲಹೊಂಗಲ
೧೭ ಸೆಪ್ಟೆಂಬರ್ ೨೦೨೪

ಪೂನಮ್,

ನಿನ್ನ ಪ್ರಶ್ನೆಗೆ ಒಂದು ತಿಂಗಳಿಂದ ಉತ್ತರ ಬರೆದಿರಲಿಲ್ಲ. ಇವತ್ತು ಬರೆಯುತ್ತೇನೆ. ಹೆದರಿಕೆ ಆಗುತ್ತದೆ.

ನಿನ್ನೆ ಮೊದಲ ಸಲ ಒಂದು ಪೂರಾ ಮೋಟಾರು ನನ್ನ ಕೈಗೆ ಕೊಟ್ಟರು. ಸಂದಿಗಳಿಗೆ ಪೇಪರ್ ಹಾಕಿದೆ, ಕಾಯಿಲ್ ಇಳಿಸಿದೆ. ತಂತಿ ಕಡಿಯದೆಯೇ ಒಂದು ಕಾಯಿಲಿನಿಂದ ಇನ್ನೊಂದಕ್ಕೆ ಹೋಗಬೇಕು. ನಾನು ಒಂದನ್ನು ಮುಗಿಸಿ, ಕಸೂತಿಯ ಹಾಗೆ ಅಲ್ಲಿಂದಲೇ ಹೊರಳಿ ಎರಡನೆಯದಕ್ಕೆ ಬಂದೆ. ಗಂಟಿಲ್ಲ, ತೊಡಕಿಲ್ಲ, ಹಿಂದೆ ಮುಂದೆ ಒಂದೇ ಹಾಗೆ. ಅಷ್ಟು ಚೆಂದ ಕಾಣುತ್ತಿತ್ತು ಪೂನಮ್. ಮೋಟಾರು ಕೊಟ್ಟು ಕಾಂತೇಶ ಅವರು ಪರಊರಿಗೆ ಹೋಗಿದ್ದರು, ಇವತ್ತು ಬರುವವರಿದ್ದರು. ಅವರು ಬರುವುದರೊಳಗೆ ನಾನೇ ಚಾಲೂ ಮಾಡಿ ತೋರಿಸೋಣ ಅಂತ ಆಸೆಯಾಯಿತು.

ಕರೆಂಟು ಕೊಟ್ಟೆ. ಗುಂಯ್ ಅಂತು, ತಿರುಗಲಿಲ್ಲ. ಆಫ್ ಮಾಡು ಅಂತ ಯಾರೋ ಕೂಗಿದರು. ನನ್ನ ಕೈ ಏಳಲಿಲ್ಲ. ಹೊಗೆ ಎದ್ದಿತು. ಇಷ್ಟು ದಿನ ಸುಟ್ಟ ಮೋಟಾರು ಬಿಚ್ಚಿದವಳು, ಒಂದನ್ನು ನಾನೇ ಸುಟ್ಟೆ. ಮೋಟಾರು ಒಯ್ಯಲು ಬಂದ ರೈತರು ಇಬ್ಬರು ಅಲ್ಲೇ ನಿಂತಿದ್ದರು. ಒಬ್ಬರು, "ಅದಕ್ಕಽ ಹೇಳೂದು, ಹೆಣ್ಮಕ್ಕಳ ಕೆಲಸ ಅಲ್ಲ ಇದು" ಅಂದರು. ಜೋರಾಗಿಯೂ ಅನ್ನಲಿಲ್ಲ. ಜೋರಾಗಿ ಅಂದಿದ್ದರೆ ಜಗಳ ತೆಗೆಯುತ್ತಿದ್ದೆ.

ಕಾಂತೇಶ ಅವರು ಬಂದು ನೋಡಿ, "ಬಿಚ್ಚಿ ನೋಡ್ರಿ ಅಕ್ಕಾರ, ಎಲ್ಲಿ ತಪ್ಪೈತಿ ನಿಮಗಽ ತಿಳೀತದ" ಅಂದರು, ಅಷ್ಟೇ. ನಾನು ಬಿಚ್ಚಲಿಲ್ಲ. ರೂಮಿಗೆ ಬಂದು ಇದನ್ನು ಬರೆಯುತ್ತಿದ್ದೇನೆ.

ರವಿವಾರ ಊರಿಗೆ ಬರುತ್ತೇನೆ. ಗಂಟು ಕಟ್ಟಿಕೊಂಡೇ ಬರುತ್ತೇನೆ. ನಿಮ್ಮಪ್ಪನಿಗೆ ಏನೂ ಹೇಳಬೇಡ. ಅವರ ಮುಂದೆ ಹೇಗೆ ನಿಲ್ಲಬೇಕು ಅಂತ ಬಸ್ಸಿನಲ್ಲಿ ಯೋಚಿಸುತ್ತೇನೆ.

ನಿನ್ನವ್ವ


ಹೂಲಿ
೨೦ ಸೆಪ್ಟೆಂಬರ್ ೨೦೨೪

ಅವ್ವಾ,

ಏನಾಗಿದೆ ನಿನಗೆ? ಈ ವಾರ ಡಬ್ಬಿಯಲ್ಲಿ ಒಂದು ಚೀಟಿಯೂ ಇಲ್ಲ. ಬುತ್ತಿಯಲ್ಲಿ ಅರ್ಧ ಹಾಗೇ ವಾಪಸ್ ಬರುತ್ತಿದೆ. ಮಂಗಳವಾರ ನಾನು ಸವದತ್ತಿಗೆ ಹೋಗಿದ್ದೆ, ಅವತ್ತು ಬಸ್ಸಿನಿಂದ ಡಬ್ಬಿ ಇಳಿಸಿಕೊಂಡವನು ಅಪ್ಪ. ನಾನು ಬರುವಷ್ಟರಲ್ಲಿ ತೊಳೆದು ಡಬ್ಬು ಹಾಕಿ ಇಟ್ಟಿದ್ದ. ಜನ್ಮದಲ್ಲಿ ಡಬ್ಬಿ ತೊಳೆದವನಲ್ಲ. ಒಳಗೆ ಕಾಗದ ಇತ್ತೇ ಅಂತ ಕೇಳಿದೆ. "ಬುತ್ತಿ ಡಬ್ಬ್ಯಾಗ ಎಂಥಾ ಕಾಗದ" ಅಂದ.

ಅಪ್ಪನೂ ಸರಿ ಇಲ್ಲ. ಮೊನ್ನೆ ನಿನ್ನ ಟ್ರಂಕಿನಿಂದ ಕಸೂತಿ ಹಾಕಿದ ಇರಕಲ್ ಸೀರೆ ತೆಗೆಸಿದ. ಸೆರಗನ್ನು ಬೆಳಕಿಗೆ ಹಿಡಿದು, ಹಿಂದೆ ತಿರುಗಿಸಿ, ಮುಂದೆ ತಿರುಗಿಸಿ ನೋಡಿದ. "ದಾರ ಎಲ್ಲಿಂದ ಹೊಂಟು ಎಲ್ಲಿಗೆ ಬರತದ, ತೋರಸು" ಅಂದ. ನನಗೆ ಗೊತ್ತಿದ್ದಷ್ಟು ತೋರಿಸಿದೆ. ಆಮೇಲೆ ಅಂಗಡಿಯ ನೆಲದ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದು, ಒರೆಸಿ, ಮತ್ತೆ ಎಳೆದ. "ಹಂಗಽ ಆಗೇತಿ" ಅಂತ ತನ್ನಷ್ಟಕ್ಕೆ ಅಂದ. ಏನು ಆಗಿದೆ ಅಂದರೆ ಹೇಳುವುದಿಲ್ಲ.

ಇಬ್ಬರಲ್ಲಿ ಒಬ್ಬರಾದರೂ ನನಗೆ ಬಿಡಿಸಿ ಹೇಳಿ.

ಪೂನಮ್


ಹೂಲಿ
೨೧ ಸೆಪ್ಟೆಂಬರ್ ೨೦೨೪

ರಾಯವ್ವಗ,

ನಾ ಸತ್ಯಪ್ಪ. ನನಗ ಬರಿಯಾಕ ಬರೂದಿಲ್ಲ, ಮಾತಾಡಿದ್ಹಂಗ ಬರೀತೇನಿ. ನಕ್ಕರ ನಗು.

ಮಂಗಳವಾರದ ಕಾಗದ ನನ್ನ ಕೈಯಾಗ ಸಿಕ್ಕಿತು. ಮಗಳಿಗಿ ಬರದದ್ದು, ಓದಬಾರದಿತ್ತು. ಓದೇನಿ. ಅದಕ್ಕ ಏನರ ಅನ್ನಾಕಿದ್ರ ಊರಿಗೆ ಬಂದ ಮ್ಯಾಲ ಅನ್ನು. ಆದ್ರ ಈ ರವಿವಾರ ಬರಬ್ಯಾಡ.

ನಿನ್ನ ಕೈ ತಪ್ಪಿಲ್ಲ. ಕಸೂತ್ಯಾಗ ಹೋದ ದಾರೀಲೆ ಹೊಳ್ಳಿ ಬರತೀ. ತಂತ್ಯಾಗ ಹಂಗ ಹೊಳ್ಳಿ ಬಂದ್ರ ಎರಡನೇ ಕಾಯಿಲ್ ಉಲ್ಟಾ ಸುತ್ತತದ. ಒಂದು ಕಾಯಿಲ್ ಈ ಕಡೆ ಜಗ್ಗತದ, ಇನ್ನೊಂದು ಆ ಕಡೆ ಜಗ್ಗತದ. ಮೋಟಾರ್ ಪಾಪ ಎಲ್ಲಿಗೆ ತಿರಗಬೇಕು? ಬಿಚ್ಚಿ ನೋಡು, ನಾ ಹೇಳಿದ್ದು ಸುಳ್ಳಾದ್ರ ನನ್ನ ಹೆಸರು ಬದಲ್ ಮಾಡು.

ಇನ್ನೊಂದು ಮಾತು. ರಾಮದುರ್ಗದಾಗ ಮಾಲಕ ಸರಿ ಇರಲಿಲ್ಲ ಅಂತ ನಿನಗ ಇಷ್ಟು ವರ್ಷ ಹೇಳಕೊಂತ ಬಂದೇನಿ. ಮಾಲಕ ಭಾಳ ಛಲೋ ಮನಷ್ಯಾ ಇದ್ದ. ಮೂರನೇ ತಿಂಗಳಾಗ ನಾ ಒಂದು ಮೋಟಾರ್ ಸುಟ್ಟೆ. ಎಲ್ಲಾರೂ ನಕ್ಕರು. ಮಾಲಕ ಬಿಚ್ಚಿ ನೋಡೋ ತಮ್ಮಾ ಅಂದ. ನಾ ಬಿಚ್ಚಲಿಲ್ಲ. ಸಂಜಿ ಬಸ್ಸಿಗೆ ಊರಿಗೆ ಓಡಿ ಬಂದೆ. ಅಲ್ಲಿಂದ ಇಲ್ಲೀತನ ಬ್ಯಾರೇದಾವರು ಕಟ್ಟಿದ ಮೋಟಾರ್ ಕೂಡಸೂದಽ ನನ್ನ ಕೆಲಸ ಆತು. ನೀ ಹೋಗತೇನಿ ಅಂದಾಗ ನನಗ ಸಿಟ್ಟು ಬಂದಿದ್ದು ನಿನ್ನ ಮ್ಯಾಲ ಅಲ್ಲ. ನಾ ಬಿಟ್ಟು ಬಂದಿದ್ದನ್ನ ನೀ ಕಲತು ಬಂದ್ರ ನಾ ಎಲ್ಲಿ ನಿಂದ್ರಲಿ ಅಂತ. ಇಷ್ಟಽ.

ಈ ಬಸ್ಸಿನ್ಯಾಗ ಬುತ್ತಿ ಸಂಗಾಟ ಒಂದು ಮೋಟಾರ್ ಬರತದ. ಸಂಗಪ್ಪನ ಬಾಂವೀದು, ಸುಟ್ಟೈತಿ. ಪರಶು ಹತ್ತಿಸಾಕ ಒಲ್ಲೆ ಅಂದ, ನಾ ಕಾಲು ಬೀಳೂದೊಂದು ಬಾಕಿ. ಕಾಂತೇಶಪ್ಪಗ ಕೊಡಬ್ಯಾಡ. ನೀನಽ ಕಟ್ಟು. ಸುಟ್ಟರ ನಮ್ಮ ಅಂಗಡ್ಯಾಗಿನ ಹೊಸಾ ಮೋಟಾರ್ ಕೊಡತೇನಿ ಅಂತ ಸಂಗಪ್ಪಗ ಮಾತು ಕೊಟ್ಟೇನಿ.

ನಾ ಓಡಿ ಬಂದೆ. ನೀ ಬರಬ್ಯಾಡ.

ಸತ್ಯಪ್ಪ


ಬೈಲಹೊಂಗಲ
೨ ಅಕ್ಟೋಬರ್ ೨೦೨೪

ಪೂನಮ್,

ಗಂಟು ಕಟ್ಟಿದ್ದೆ, ಬಿಚ್ಚಿದೆ. ನಿಮ್ಮಪ್ಪನ ಕಾಗದವನ್ನು ಎಷ್ಟು ಸಲ ಓದಿದೆನೋ ನನಗೇ ಗೊತ್ತಿಲ್ಲ. ರೇಣು ಕೇಳಿದಳು, ಯಾರು ಬರೆದದ್ದು ಅಂತ. ನನ್ನ ಗಂಡ ಅಂದೆ. ಮದುವೆಯಾಗಿ ಇಪ್ಪತ್ತಾರು ವರ್ಷಕ್ಕೆ ಮೊದಲ ಕಾಗದ. ಅತ್ತೆ, ನಕ್ಕೆ, ಆಮೇಲೆ ಅಂಗಡಿಗೆ ಹೋಗಿ ನಾನು ಸುಟ್ಟ ಮೋಟಾರನ್ನು ಬಿಚ್ಚಿದೆ. ಅವರು ಹೇಳಿದ ಜಾಗದಲ್ಲೇ ತಂತಿ ಉಲ್ಟಾ ಹೊರಳಿತ್ತು. ಕಾಂತೇಶ ಅವರು ಕೇಳಿ, "ನೋಡದಽ ಹೇಳ್ಯಾರ? ಅವರಽ ಬರಬೇಕಿತ್ತಲ್ರೀ ಇಲ್ಲಿ" ಅಂದರು. ಈ ಮಾತನ್ನು ನಿಮ್ಮಪ್ಪನಿಗೆ ತಪ್ಪದೆ ಹೇಳು.

ಅವರು ತಮ್ಮ ಕಥೆ ನಿನಗೂ ಹೇಳಬೇಕು ಅಂತ ನನ್ನ ಆಸೆ. ಕೇಳು, ಹೇಳುತ್ತಾರೆ. ಓದಿಯೂ ಫೇಲಾದರೆ ಏನು ಹೇಳಲಿ ಅಂತ ಕೇಳಿದ್ದೆಯಲ್ಲ. ನನ್ನ ಹತ್ತಿರ ಜಾಣ ಉತ್ತರ ಇಲ್ಲ. ನಾನು ಸುಟ್ಟೆ, ನಾಲ್ಕು ದಿನ ಮುಖ ಮುಚ್ಚಿಕೊಂಡೆ, ಐದನೇ ದಿನ ಬಿಚ್ಚಿ ನೋಡಿದೆ. ತಪ್ಪು ಇಷ್ಟೇ ಇಷ್ಟು ಜಾಗದಲ್ಲಿತ್ತು. ನಿನ್ನ ಇಂಗ್ಲಿಷ್ ಪೇಪರನ್ನೂ ಒಂದು ಸಲ ಬಿಚ್ಚಿ ನೋಡು.

ಸಂಗಪ್ಪನವರ ಮೋಟಾರು ನಾಳೆಯ ಬಸ್ಸಿಗೆ ಬರುತ್ತದೆ. ಎರಡು ಸಲ ಸುತ್ತಿದೆ. ಮೊದಲ ಸಲ ಕೈ ಮತ್ತೆ ಹಳೆಯ ದಾರಿಯನ್ನೇ ಹಿಡಿಯಿತು, ಈ ಸಲ ನಡುವೆಯೇ ಕಂಡುಹಿಡಿದೆ. ಇಲ್ಲಿ ತಿರುಗಿಸಿ ನೋಡಿದ್ದೇವೆ, ಆದರೆ ನೀರು ಎತ್ತುವ ಭಾರ ಬಿದ್ದಾಗಲೇ ನಿಜ ತಿಳಿಯುವುದು. ಅರ್ಧ ತಾಸು ಓಡಿದ ಮೇಲೆ ನಿಮ್ಮಪ್ಪ ಅದರ ಮೈಮೇಲೆ ಕೈ ಇಟ್ಟು ನೋಡಲಿ. ಕೈ ಇಡಲಾರದಷ್ಟು ಬಿಸಿ ಆದರೆ ನನ್ನ ಕೆಲಸ ಕೆಟ್ಟಿತು ಅಂತಲೇ ಅರ್ಥ. ಇದ್ದದ್ದನ್ನು ಇದ್ದ ಹಾಗೆ ಬರೆ. ಸಿಹಿ ಹಚ್ಚಬೇಡ.

ನಿನ್ನವ್ವ
ರಾಯವ್ವ


ಹೂಲಿ
೫ ಅಕ್ಟೋಬರ್ ೨೦೨೪

ಅವ್ವಾ,

ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ.

ನಿನ್ನೆ ಮೋಟಾರು ಕೂಡಿಸಿದರು. ಸಂಗಪ್ಪಣ್ಣನ ಬಾವಿಯ ಸುತ್ತ ಹತ್ತು ಹನ್ನೆರಡು ಜನ ಸೇರಿದ್ದರು. ರಾಯವ್ವ ಕಟ್ಟಿದ್ದಂತೆ, ನೋಡೋಣ ಅಂತ ಬಂದವರೇ ಎಲ್ಲ. ಅಪ್ಪ ಬಟನ್ ಒತ್ತಲಿಲ್ಲ, "ನೀ ಒತ್ತು" ಅಂತ ನನ್ನ ಕಡೆ ನೋಡಿದ. ಒತ್ತಿದೆ. ಗುಂಯ್ ಅನ್ನಲಿಲ್ಲ ಅವ್ವಾ, ಒಂದೇ ಸಲಕ್ಕೆ ತಿರುಗಿತು. ಪೈಪಿನ ಬಾಯಲ್ಲಿ ಮೊದಲು ಗಾಳಿ, ಆಮೇಲೆ ಕೆಂಪು ನೀರು, ಆಮೇಲೆ ತಿಳಿ ನೀರು ಬಂತು. ಕಬ್ಬಿನ ಸಾಲಿನಲ್ಲಿ ನೀರು ಹೋಗುವುದನ್ನು ನೋಡಿ ಸಂಗಪ್ಪಣ್ಣ ಚಪ್ಪಲಿ ಬಿಟ್ಟು ಒಳಗಿಳಿದ.

ಜನ ನೀರು ನೋಡುತ್ತಿದ್ದರು, ಅಪ್ಪ ನೀರಿನ ಕಡೆ ತಿರುಗಲೇ ಇಲ್ಲ. ಮೋಟಾರಿನ ಹತ್ತಿರ ಕುಕ್ಕರಗಾಲಲ್ಲಿ ಕುಳಿತುಬಿಟ್ಟ. ಅರ್ಧ ತಾಸಿಗೆ ಕೈ ಇಟ್ಟ. ಒಂದು ತಾಸಿಗೆ ಇಟ್ಟ. ಎರಡನೇ ತಾಸಿಗೆ ಕೈ ಇಟ್ಟವನು ತೆಗೆಯಲಿಲ್ಲ, ಹಾಗೇ ಇಟ್ಟುಕೊಂಡು ಕುಳಿತ. ಕಣ್ಣಲ್ಲಿ ನೀರಿತ್ತು. ನಾನು ನೋಡದ ಹಾಗೆ ಮಾಡಿದೆ.

"ಬಿಸಿ ಆಗಿಲ್ಲ" ಅಂದ. ಸಂಗಪ್ಪಣ್ಣನಿಗೆ ಅಂದ. ಬರುವ ದಾರಿಯಲ್ಲಿ ಸಿಕ್ಕವರಿಗೆಲ್ಲ ಅಂದ. ಸಂಜೆ ಬಸ್ಸು ಬಂದಾಗ ಪರಶುವನ್ನು ನಿಲ್ಲಿಸಿ ಅಂದ. ಬಿಸಿ ಆಗದ್ದು ಯಾವುದು ಅಂತ ತಿಳಿಯದ ಪರಶು, "ಚಹಾ ಏನ್ರಿ?" ಅಂದ.

ಊಟಕ್ಕೆ ಕುಳಿತಾಗ ರಾಮದುರ್ಗದ ಕಥೆ ತಾನಾಗಿಯೇ ಹೇಳಿದ. ಹೇಳಿ ಮುಗಿಸಿ ನನ್ನನ್ನು ನೋಡಿದ. ಇವತ್ತು ಬೆಳಿಗ್ಗೆ ಸವದತ್ತಿಗೆ ಹೋಗಿ ಫಾರ್ಮ್ ತುಂಬಿ ಬಂದೆ. ರಸೀದಿಯನ್ನು ರೊಟ್ಟಿಯ ಕೆಳಗೆ ಇಟ್ಟಿದ್ದೇನೆ, ಎಣ್ಣೆ ಹತ್ತಿಸಬೇಡ. ಹೆದರಿಕೆ ಇನ್ನೂ ಇದೆ. ಪುಸ್ತಕದ ಮೇಲಿನ ಫೋನ್ ಮಾತ್ರ ತೆಗೆದೆ.

ಅಂಗಡಿಯಲ್ಲಿ ಅಪ್ಪ ಕಿಟಕಿಯ ಹತ್ತಿರದ ಸಾಮಾನೆಲ್ಲ ಎತ್ತಿ ಜಾಗ ಮಾಡುತ್ತಿದ್ದಾನೆ. ತಂತಿ ಸುತ್ತುವವರಿಗೆ ಬೆಳಕು ಎಡಗಡೆಯಿಂದ ಬೇಕೋ ಬಲಗಡೆಯಿಂದ ಬೇಕೋ ಕೇಳಿ ಬರೆ ಅಂದಿದ್ದಾನೆ.

ಕಾಗದ ಮಡಿಚುವಷ್ಟರಲ್ಲಿ ಬಂದು, ಕೆಳಗೆ ಜಾಗ ಬಿಡು ಅಂದ. ಬಿಟ್ಟಿದ್ದೇನೆ.

ನಿನ್ನ
ಪೂನಮ್

ರಾಯವ್ವ, ಬಿಸಿ ಆಗಿಲ್ಲ. ಡಿಸೆಂಬರ್ ತನಕ ಊರಿಗೆ ಬರಬ್ಯಾಡ, ಪೂರಾ ಕಲತ ಬಾ. ಸುದ್ದಿ ಕೇಳಿ ಇನ್ನ ಇಬ್ಬರು ಮೋಟಾರ್ ತಂದು ಇಟ್ಟಾರ. ಇಬ್ಬರೂ ನಿನ್ನ ಹೆಸರು ಹೇಳ್ಯಾರ. ಸೋಮವಾರದ ಬಸ್ಸಿಗೆ ಹಾಕತೇನಿ. ಸತ್ಯಪ್ಪ.